ಒಂದು ಆ್ಯಪ್‌ನ ಲಾಗಿನ್ ಸೆಷನ್ ಇನ್ನೊಂದು ಆ್ಯಪ್‌ನಿಂದ ಓದೋದು ಹೇಗೆ: ಹಂತ ಹಂತವಾಗಿ

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಪದೇ ಪದೇ ಬರ್ತಾನೇ ಇದೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಿದೀನಿ. ಪಿಎಚ್‌ಪಿಯಲ್ಲಿ ಬರೆದ ಹಳೇ ಸೈಟ್ ಇದೆ, ಜನ ಅಲ್ಲೇ ಲಾಗಿನ್ ಆಗ್ತಾರೆ, ಈಗ ಪಕ್ಕದಲ್ಲೇ ನೋಡ್‌ಜೆಎಸ್‌ನಲ್ಲಿ (ಸರ್ವರ್ ಕಡೆ ಓಡೋ ಜಾವಾಸ್ಕ್ರಿಪ್ಟ್) ಚಾಟ್ ಸರ್ವರ್ ಹಾಕಿದೀವಿ, ಅಲ್ಲಿಗೆ ಬಂದವರು ಯಾರು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು? ಅಥವಾ ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಸೈಟ್ ಇದೆ, ರಿಪೋರ್ಟ್ ತೋರಿಸೋ ಸಣ್ಣ ಆ್ಯಪ್ ಬೇರೆ ಭಾಷೇಲಿದೆ, ಅಲ್ಲಿ ಮತ್ತೆ ಪಾಸ್‌ವರ್ಡ್ ಕೇಳೋದು ಬೇಡ. ಕೇಳ್ತಿರೋದು ಒಂದೇ: ಒಂದು ಆ್ಯಪ್ ಉಳಿಸಿಟ್ಟ ಸೆಷನ್‌ನ ಬೇರೆ ಆ್ಯಪ್ ಓದ್ಬೋದಾ?

ಓದ್ಬೋದು. ಆದ್ರೆ ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ, ಮುಂದೆ ಬರೋದೆಲ್ಲಾ ಇದರ ಮೇಲೇ ನಿಂತಿದೆ. ಸೆಷನ್ ಯಾವ ಆ್ಯಪ್ ಬರೀತೋ ಅದರದ್ದೇ, ಎರಡನೇ ಆ್ಯಪ್ ಬರೀ ಓದ್ಬೇಕು, ಬರೀಬಾರ್ದು, ಓದಿದ್ರೂ ಯೂಸರ್ ಐಡಿ ಒಂದನ್ನ ತಗೊಂಡು ಹೊರಗೆ ಬರ್ಬೇಕು. ಸೆಷನ್‌ನಲ್ಲಿರೋ ಹೆಸರು, ರೋಲ್, ಅನುಮತಿ ಪಟ್ಟಿ ಎಲ್ಲಾ ಎತ್ಕೊಂಡು ಬಳಸೋಕೆ ಶುರು ಮಾಡಿದ್ರೆ ಮೊದಲ ಆ್ಯಪ್‌ನವರು ಒಂದು ಫೀಲ್ಡ್ ಬದಲಾಯಿಸಿದ ದಿನ ನಿಮ್ಮದು ಮುರಿಯುತ್ತೆ, ಮತ್ತೆ ಯಾಕೆ ಮುರೀತು ಅಂತ ಇಬ್ಬರಿಗೂ ಗೊತ್ತಾಗಲ್ಲ.

ಇನ್ನೊಂದು, ಇದೆಲ್ಲಾ ಎರಡೂ ಆ್ಯಪ್ ನಿಮ್ಮದೇ ಆಗಿದ್ದಾಗ, ಅಥವಾ ಎರಡರ ಜವಾಬ್ದಾರಿ ಇರೋರೂ ಒಪ್ಪಿದ್ದಾಗ ಮಾಡೋ ಕೆಲ್ಸ. ಬೇರೆಯವರ ಸೆಷನ್ ಐಡಿ ಅಂದ್ರೆ ಅವರ ಲಾಗಿನ್ನೇ ಅಂತ ಲೆಕ್ಕ.

ಕೆಲವು ಪದಗಳು

ಗೊತ್ತಿರೋರು ಇದನ್ನ ದಾಟಿ ಹೋಗಿ. ಸೆಷನ್ ಅಂದ್ರೆ ಲಾಗಿನ್ ಆದ ಬಳಕೆದಾರರ ಬಗ್ಗೆ ಸರ್ವರ್ ನೆನಪಿಟ್ಟುಕೊಳ್ಳೋ ಸಣ್ಣ ಮಾಹಿತಿ. ಸೆಷನ್ ಐಡಿ ಅಂದ್ರೆ ಆ ಮಾಹಿತಿ ಹುಡುಕೋಕೆ ಬೇಕಾದ ಉದ್ದದ ರ್‍ಯಾಂಡಮ್ ಸ್ಟ್ರಿಂಗ್, ಟೋಕನ್ ನಂಬರ್ ಇದ್ದ ಹಾಗೆ, ಅದು ಬ್ರೌಸರ್‌ನ ಕುಕೀಲಿ ಇರುತ್ತೆ (ಕುಕೀ ಅಂದ್ರೆ ಸೈಟ್ ಕೊಟ್ಟಿದ್ದನ್ನ ಬ್ರೌಸರ್ ಇಟ್ಕೊಂಡು ಪ್ರತಿ ರಿಕ್ವೆಸ್ಟ್ ಜೊತೆ ವಾಪಸ್ ಕಳಿಸೋ ಸಣ್ಣ ಸ್ಟ್ರಿಂಗ್). ಸ್ಟೋರ್ ಅಂದ್ರೆ ಸರ್ವರ್ ಆ ಮಾಹಿತಿನ ಇಡೋ ಜಾಗ, ಫೈಲ್ ಇರ್ಬೋದು, ಡೇಟಾಬೇಸ್ ಟೇಬಲ್ ಇರ್ಬೋದು, ರೆಡಿಸ್ ಇರ್ಬೋದು (ರೆಡಿಸ್ ಅಂದ್ರೆ ಮೆಮೊರಿಯಲ್ಲೇ ಡೇಟಾ ಇಟ್ಕೊಂಡು ಕೀ ಕೊಟ್ರೆ ವ್ಯಾಲ್ಯೂ ಕೊಡೋ ವೇಗದ ಸ್ಟೋರ್). ಸೀರಿಯಲೈಜ್ ಮಾಡೋದು ಅಂದ್ರೆ ಪ್ರೋಗ್ರಾಂ ಒಳಗಿನ ಡೇಟಾನ ಉಳಿಸೋಕೆ ಆಗೋ ಹಾಗೆ ಸ್ಟ್ರಿಂಗ್ ಮಾಡೋದು.

ತುಂಬಾ ಜನ ಗೊಂದಲ ಮಾಡ್ಕೊಳ್ಳೋದು ಸಹಿ ಮತ್ತೆ ಎನ್‌ಕ್ರಿಪ್ಷನ್ ನಡುವೆ. ಸಹಿ ಹಾಕಿದ ಡೇಟಾನ ಯಾರು ಬೇಕಾದ್ರೂ ಓದ್ಬೋದು, ಬದಲಾಯಿಸೋಕೆ ಮಾತ್ರ ಆಗಲ್ಲ, ಬದಲಾಯಿಸಿದ್ರೆ ಗೊತ್ತಾಗುತ್ತೆ. ಎನ್‌ಕ್ರಿಪ್ಟ್ ಆದ ಡೇಟಾನ ಕೀ ಇಲ್ದೆ ಓದೋಕೇ ಆಗಲ್ಲ. ಬೇಸ್64 ಎರಡೂ ಅಲ್ಲ, ಅದು ಬರೀ ಬರೆಯೋ ರೀತಿ, ಅದರಲ್ಲಿ ಯಾವ ಗುಟ್ಟೂ ಇಲ್ಲ.

ಹಂತ 1: ಸೆಷನ್ ನಿಜವಾಗ್ಲೂ ಎಲ್ಲಿದೆ ಅಂತ ಪತ್ತೆ ಮಾಡಿ

ಡಾಕ್ಯುಮೆಂಟೇಶನ್‌ನಲ್ಲಿ ಹೀಗಿದೆ ಅಂತ ನಂಬ್ಕೊಂಡು ಕೋಡ್ ಬರೆಯೋಕೆ ಕೂರ್ಬೇಡಿ, ಓಡ್ತಿರೋ ಸರ್ವರ್‌ನ ಸೆಟ್ಟಿಂಗ್ ತೆಗೆದು ನೋಡಿ.

ಪಿಎಚ್‌ಪಿ ಏನೂ ಬದಲಾಯಿಸದೇ ಇದ್ರೆ ಫೈಲ್‌ಗಳಲ್ಲಿ ಇಡುತ್ತೆ, ಒಂದು ಸೆಷನ್‌ಗೆ ಒಂದು ಫೈಲ್, ಹೆಸರು 'ಸೆಸ್' ಅಂತ ಶುರುವಾಗಿ ಒಂದು ಅಂಡರ್‌ಸ್ಕೋರ್ ಆಮೇಲೆ ಸೆಷನ್ ಐಡಿ. ಯಾವ ಫೋಲ್ಡರ್ ಅನ್ನೋದು ಸೆಷನ್ ಸೇವ್ ಪಾತ್ ಅನ್ನೋ ಸೆಟ್ಟಿಂಗ್‌ನಲ್ಲಿರುತ್ತೆ. ಅದನ್ನ ಕಮಾಂಡ್ ಲೈನ್‌ನಿಂದ ನೋಡ್ಬೇಡಿ, ವೆಬ್ ಸರ್ವರ್‌ಗೆ ಬೇರೆ ಕಾನ್ಫಿಗ್ ಫೈಲ್ ಇರ್ಬೋದು, ಕಮಾಂಡ್ ಲೈನ್‌ಗೆ ಬೇರೆ. ಸೇವ್ ಪಾತ್ ಟೆಂಪ್ ಫೋಲ್ಡರ್ ಆಗಿದ್ರೆ ಇನ್ನೊಂದು ತೊಂದರೆ: ಸಿಸ್ಟಮ್‌ಡಿಯಲ್ಲಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನ ಓಡಿಸೋ ವ್ಯವಸ್ಥೆ) ಪ್ರೈವೇಟ್ ಟೆಂಪ್ ಅನ್ನೋ ಆಯ್ಕೆ ಆನ್ ಇದ್ರೆ ವೆಬ್ ಸರ್ವರ್‌ಗೆ ಕಾಣೋ ಟೆಂಪ್ ಬೇರೆ, ನಿಮ್ಮ ಆ್ಯಪ್‌ಗೆ ಕಾಣೋ ಟೆಂಪ್ ಬೇರೆ, ಪಾತ್ ಅಕ್ಷರಕ್ಕೆ ಅಕ್ಷರ ಸರಿ ಇದ್ರೂ ಫೈಲ್ ಇಲ್ಲ ಅಂತಾನೇ ಬರುತ್ತೆ, ಕೋಡ್ ಎಷ್ಟು ತಿರುಗಿಸಿ ನೋಡಿದ್ರೂ ಕಾರಣ ಕಾಣಲ್ಲ.

ಜಾಂಗೋ ಡೀಫಾಲ್ಟ್ ಆಗಿ ಡೇಟಾಬೇಸ್‌ನಲ್ಲಿ ಜಾಂಗೋ_ಸೆಷನ್ ಅನ್ನೋ ಟೇಬಲ್‌ನಲ್ಲಿ ಇಡುತ್ತೆ, ಮೂರೇ ಕಾಲಂ: ಕೀ, ಡೇಟಾ, ಮುಗಿಯೋ ಸಮಯ. ಎಕ್ಸ್‌ಪ್ರೆಸ್‌ನ (ನೋಡ್‌ಜೆಎಸ್‌ನ ವೆಬ್ ಫ್ರೇಮ್‌ವರ್ಕ್) ಸೆಷನ್ ಲೈಬ್ರರಿ ಡೀಫಾಲ್ಟ್ ಆಗಿ ತನ್ನದೇ ಪ್ರಾಸೆಸ್‌ನ ಮೆಮೊರಿಯಲ್ಲಿ ಇಡುತ್ತೆ, ಅದನ್ನ ಹೊರಗಿಂದ ಓದೋ ದಾರೀನೇ ಇಲ್ಲ, ಮೊದ್ಲು ರೆಡಿಸ್‌ಗೋ ಡೇಟಾಬೇಸ್‌ಗೋ ಬದಲಾಯಿಸ್ಬೇಕು. ಜಾವಾದ ಟಾಮ್‌ಕ್ಯಾಟ್ ಸರ್ವರ್‌ನ ಮಾಮೂಲಿ ಸೆಷನ್‌ದೂ ಇದೇ ಕಥೆ. ಪಿಎಚ್‌ಪಿಯ ಲಾರಾವೆಲ್ ಫ್ರೇಮ್‌ವರ್ಕ್‌ನಲ್ಲಿ 11ನೇ ಆವೃತ್ತಿಯಿಂದ ಹೊಸ ಪ್ರಾಜೆಕ್ಟ್‌ಗಳಿಗೆ ಡೇಟಾಬೇಸೇ ಡೀಫಾಲ್ಟ್, ಅದಕ್ಕಿಂತ ಹಳೇದಾದ್ರೆ ಸ್ಟೋರೇಜ್ ಫೋಲ್ಡರ್ ಒಳಗೆ ಫೈಲ್‌ಗಳು.

ಫ್ಲಾಸ್ಕ್ (ಪೈಥಾನ್) ಮತ್ತೆ ರೇಲ್ಸ್ (ರೂಬಿ) ಫ್ರೇಮ್‌ವರ್ಕ್‌ಗಳು ಬೇರೆ ಥರ. ಅಲ್ಲಿ ಡೀಫಾಲ್ಟ್ ಆಗಿ ಸರ್ವರ್‌ನಲ್ಲಿ ಏನೂ ಇರಲ್ಲ, ಸೆಷನ್ ಡೇಟಾ ಪೂರ್ತಿ ಕುಕೀ ಒಳಗೇ ಇರುತ್ತೆ. ಫ್ಲಾಸ್ಕ್‌ದು ಸಹಿ ಮಾತ್ರ, ರೇಲ್ಸ್ 4ರಿಂದ ಈಚೆಗೆ ಎನ್‌ಕ್ರಿಪ್ಷನ್. ಸ್ಟೋರ್ ಎಲ್ಲಿದೆ ಅಂತ ಗಂಟೆಗಟ್ಟಲೆ ಹುಡುಕೋಕೆ ಮುಂಚೆ ಇದನ್ನ ಖಚಿತ ಮಾಡ್ಕೊಳ್ಳಿ.

ಹಂತ 2: ಕುಕೀ ಎರಡನೇ ಆ್ಯಪ್‌ಗೆ ಬರುತ್ತಾ ನೋಡಿ

ಬ್ರೌಸರ್ ಕುಕೀ ಕಳಿಸ್ಲಿಲ್ಲ ಅಂದ್ರೆ ಮುಂದಿನ ಯಾವ ಹಂತಾನೂ ಉಪಯೋಗಕ್ಕಿಲ್ಲ. ಎರಡನೇ ಆ್ಯಪ್‌ನಲ್ಲಿ ಬರ್ತಿರೋ ಕುಕೀಗಳ ಹೆಸರು ಮಾತ್ರ ಪ್ರಿಂಟ್ ಮಾಡಿ ನೋಡಿ (ವ್ಯಾಲ್ಯೂ ಲಾಗ್ ಮಾಡ್ಬೇಡಿ, ಲಾಗ್ ಫೈಲ್ ಓದೋ ಎಲ್ಲರ ಕೈಗೂ ಲಾಗಿನ್ ಕೊಟ್ಟ ಹಾಗಾಗುತ್ತೆ).

ಒಂದೇ ಹೋಸ್ಟ್, ಬೇರೆ ಪೋರ್ಟ್ ಆಗಿದ್ರೆ ಕುಕೀ ಬರುತ್ತೆ, ಕುಕೀಗೆ ಪೋರ್ಟ್ ವ್ಯತ್ಯಾಸ ಗೊತ್ತಾಗಲ್ಲ. ಬೇರೆ ಸಬ್‌ಡೊಮೇನ್ ಆಗಿದ್ರೆ ಮೊದಲ ಆ್ಯಪ್ ಕುಕೀ ಸೆಟ್ ಮಾಡೋವಾಗ ಡೊಮೇನ್ ಅನ್ನೋ ಆ್ಯಟ್ರಿಬ್ಯೂಟ್‌ನಲ್ಲಿ ಮೇಲಿನ ಡೊಮೇನ್ ಕೊಟ್ಟಿರ್ಬೇಕು, ಇಲ್ಲಾಂದ್ರೆ ಬರಲ್ಲ. ಮತ್ತೆ ಹಾಗೆ ಕೊಟ್ರೆ ಆ ಡೊಮೇನ್‌ನ ಕೆಳಗಿರೋ ಎಲ್ಲಾ ಸಬ್‌ಡೊಮೇನ್‌ಗೂ ಕುಕೀ ಹೋಗುತ್ತೆ ಅನ್ನೋದು ನೆನಪಿರಲಿ, ಅಲ್ಲಿ ಯಾರದ್ದೋ ಹಳೇ ಟೆಸ್ಟ್ ಸೈಟ್ ಓಡ್ತಿದ್ರೆ ಅದಕ್ಕೂ. ಪೂರ್ತಿ ಬೇರೆ ಡೊಮೇನ್ ಆದ್ರೆ ಈ ದಾರೀನೇ ಆಗಲ್ಲ, ಅದಕ್ಕೆ ಓಆಥ್ (ಒಂದು ಸೈಟ್‌ನ ಅನುಮತಿ ಇನ್ನೊಂದಕ್ಕೆ ದಾಟಿಸೋ ಪದ್ಧತಿ) ಥರದ್ದು ಏನಾದ್ರೂ ಬೇಕು.

ಕುಕೀಗೆ ಸೆಕ್ಯೂರ್ ಗುರುತು ಇದ್ದು ನಿಮ್ಮ ಎರಡನೇ ಆ್ಯಪ್ ಎಚ್‌ಟಿಟಿಪಿಎಸ್ ಇಲ್ದೆ ಓಡ್ತಿದ್ರೆ ಕುಕೀ ಬರಲ್ಲ. ಎಚ್‌ಟಿಟಿಪಿ ಓನ್ಲಿ ಗುರುತು ಇದ್ರೆ ಜಾವಾಸ್ಕ್ರಿಪ್ಟ್‌ಗೆ ಅದು ಕಾಣಲ್ಲ, ದಯವಿಟ್ಟು ಅದನ್ನ ತೆಗೆಯೋಕೆ ಹೋಗ್ಬೇಡಿ, ಸರ್ವರ್‌ಗೆ ಕುಕೀ ಹೇಗಿದ್ರೂ ತಾನಾಗೇ ಬರುತ್ತೆ. ಒಂದು ಸಬ್‌ಡೊಮೇನ್‌ನ ಪೇಜ್‌ನಿಂದ ಇನ್ನೊಂದಕ್ಕೆ ಫೆಚ್ (ಜಾವಾಸ್ಕ್ರಿಪ್ಟ್‌ನಿಂದ ರಿಕ್ವೆಸ್ಟ್) ಮಾಡ್ತಿದ್ರೆ ಕ್ರೆಡೆನ್ಷಿಯಲ್ಸ್ ಸೇರಿಸು ಅಂತ ಹೇಳ್ಬೇಕು, ಆ ಕಡೆ ಸರ್ವರ್ ಉತ್ತರದಲ್ಲಿ ಒರಿಜಿನ್ (ರಿಕ್ವೆಸ್ಟ್ ಕಳಿಸಿದ ಸೈಟ್‌ನ ವಿಳಾಸ) ಹೆಸರು ಪೂರ್ತಿ ಬರೀಬೇಕು, ಅಲ್ಲಿ ನಕ್ಷತ್ರ ಚಿಹ್ನೆ ಹಾಕಿದ್ರೆ ಬ್ರೌಸರ್ ಒಪ್ಪಲ್ಲ.

ಇಲ್ಲಿ ತುಂಬಾ ಜನ ಸಿಕ್ಕಿಹಾಕ್ಕೊಳ್ಳೋ ಜಾಗ ಒಂದಿದೆ. ಡೊಮೇನ್ ಸೆಟ್ಟಿಂಗ್ ಬದಲಾಯಿಸಿದ ಮೇಲೆ ಹಳೇ ಕುಕೀ ಹೋಗಿರಲ್ಲ, ಬ್ರೌಸರ್‌ಗೆ ಅವೆರಡೂ ಬೇರೆ ಬೇರೆ ಕುಕೀ, ಹಾಗಾಗಿ ಒಂದೇ ಹೆಸರಲ್ಲಿ ಎರಡೂ ಬರ್ತವೆ, ಯಾವುದನ್ನ ತಗೊಳ್ಳುತ್ತೆ ಅನ್ನೋದು ಲೈಬ್ರರಿ ಮೇಲೆ ಹೋಗುತ್ತೆ. ನಿಮ್ಮ ಕಂಪ್ಯೂಟರ್‌ನಲ್ಲಿ ಸರಿ, ಬಳಕೆದಾರರಲ್ಲಿ ಅರ್ಧ ಜನಕ್ಕೆ ಲಾಗಿನ್ ಆಗ್ತಿಲ್ಲ ಅಂತ ದೂರು ಬರೋದು ಇದರಿಂದಾನೇ. ಡೊಮೇನ್ ಬದಲಾಯಿಸೋ ದಿನಾನೇ ಕುಕೀ ಹೆಸರೂ ಬದಲಾಯಿಸಿ, ಎಲ್ಲರೂ ಒಂದ್ಸಲ ಮತ್ತೆ ಲಾಗಿನ್ ಆಗ್ತಾರೆ ಅಷ್ಟೇ. ಹಾಗೇ ಎರಡನೇ ಆ್ಯಪ್‌ಗೆ ಸ್ವಂತ ಸೆಷನ್ ಇದ್ರೆ ಅದರ ಕುಕೀ ಹೆಸರು ಬೇರೆ ಇರ್ಲಿ, ಎರಡೂ ಪಿಎಚ್‌ಪಿ ಆಗಿದ್ರೆ ಡೀಫಾಲ್ಟ್ ಹೆಸರು ಎರಡಕ್ಕೂ ಒಂದೇ, ಒಂದು ಇನ್ನೊಂದರ ಕುಕೀ ಮೇಲೆ ಬರೆದುಬಿಡುತ್ತೆ.

ಹಂತ 3: ಕುಕೀಯಿಂದ ಐಡಿ ಬೇರ್ಪಡಿಸಿ

ಪಿಎಚ್‌ಪಿ ಮತ್ತೆ ಜಾಂಗೋದಲ್ಲಿ ಕುಕೀ ವ್ಯಾಲ್ಯೂನೇ ಐಡಿ, ಮಾಡೋಕೆ ಏನಿಲ್ಲ. ಪಿಎಚ್‌ಪಿ ಫೈಲ್ ಓದೋರಿಗೆ ಒಂದು ಎಚ್ಚರಿಕೆ: ಕುಕೀ ಅಂದ್ರೆ ಹೊರಗಿಂದ ಬಂದ ಸ್ಟ್ರಿಂಗ್, ಅದನ್ನ ಹಾಗೇ ಪಾತ್‌ಗೆ ಅಂಟಿಸಿದ್ರೆ ಯಾರಾದ್ರೂ ಚುಕ್ಕಿ ಚುಕ್ಕಿ ಸ್ಲ್ಯಾಷ್ ಹಾಕಿ ಬೇರೆ ಫೈಲ್ ಓದಿಸ್ಬೋದು. ಇಂಗ್ಲಿಷ್ ಅಕ್ಷರ, ಅಂಕಿ, ಕಾಮಾ, ಹೈಫನ್ ಬಿಟ್ಟು ಬೇರೆ ಏನಿದ್ರೂ ಅಲ್ಲೇ ತಿರಸ್ಕರಿಸಿ.

ಎಕ್ಸ್‌ಪ್ರೆಸ್‌ನಲ್ಲಿ ಕುಕೀ ವ್ಯಾಲ್ಯೂ ಬೇರೆ ಥರ: ಮೊದ್ಲು 'ಎಸ್' ಅಕ್ಷರ, ಒಂದು ಕೋಲನ್, ಆಮೇಲೆ ಐಡಿ, ಒಂದು ಚುಕ್ಕಿ, ಕೊನೇಲಿ ಸಹಿ. ಇಡೀ ವ್ಯಾಲ್ಯೂ ಯುಆರ್‌ಎಲ್ ಎನ್‌ಕೋಡ್ ಆಗಿರುತ್ತೆ, ಕೋಲನ್ ಜಾಗದಲ್ಲಿ ಪರ್ಸೆಂಟ್ ಚಿಹ್ನೆ, 3, ಎ ಕಾಣಿಸಿದ್ರೆ ಡಿಕೋಡ್ ಮಾಡಿಲ್ಲ ಅಂತ ಅರ್ಥ. ಡಿಕೋಡ್ ಮಾಡಿ, ಮೊದಲ ಎರಡು ಅಕ್ಷರ ಬಿಡಿ, ಕೊನೇ ಚುಕ್ಕಿ ಹತ್ರ ಎರಡು ಭಾಗ ಮಾಡಿ. ಐಡಿ ಭಾಗಕ್ಕೆ ಮೊದಲ ಆ್ಯಪ್‌ನ ಸೀಕ್ರೆಟ್ ಕೀಯಿಂದ ಎಚ್‌ಮ್ಯಾಕ್ ಶಾ-256 ಲೆಕ್ಕ ಹಾಕಿ (ಎಚ್‌ಮ್ಯಾಕ್ ಅಂದ್ರೆ ಗುಟ್ಟಿನ ಕೀ ಸೇರಿಸಿ ಮಾಡೋ ಸಹಿ), ಬೇಸ್64 ಮಾಡಿ, ಕೊನೇಲಿರೋ ಈಕ್ವಲ್ ಚಿಹ್ನೆ ತೆಗೀರಿ, ಈಗ ಕುಕೀಯಲ್ಲಿರೋ ಸಹಿ ಜೊತೆ ಹೋಲಿಸಿ. ಹೋಲಿಸೋಕೆ ಮಾಮೂಲಿ ಡಬಲ್ ಈಕ್ವಲ್ ಬದಲು ನಿಮ್ಮ ಭಾಷೇಲಿರೋ ಟೈಮಿಂಗ್ ಸೇಫ್ ಫಂಕ್ಷನ್ (ಹೋಲಿಸೋಕೆ ಹಿಡಿದ ಸಮಯದಿಂದ ಗುಟ್ಟು ಬಿಡದ್ದು) ಬಳಸಿ. ಆ ಈಕ್ವಲ್ ಚಿಹ್ನೆ ತೆಗೆಯೋದು ಮರೆತು, ಸಹಿ ಹೊಂದ್ತಿಲ್ಲ, ಸೀಕ್ರೆಟ್ಟೇ ತಪ್ಪಿರ್ಬೇಕು ಅಂತ ತಲೆ ಕೆಡಿಸ್ಕೊಳ್ಳೋರು ಬಹಳ. ಇನ್ನೊಂದು, ಮೊದಲ ಆ್ಯಪ್‌ನಲ್ಲಿ ಸೀಕ್ರೆಟ್‌ಗಳ ಪಟ್ಟಿ ಕೊಟ್ಟಿದ್ರೆ ಹೊಸ ಸಹಿಗೆ ಮೊದಲನೇದು ಬಳಕೆಯಾಗುತ್ತೆ, ಹಳೇ ಕುಕೀಗಳು ಉಳಿದವುಗಳಲ್ಲಿ ಸಹಿ ಆಗಿರ್ಬೋದು, ನೀವೂ ಪಟ್ಟಿಯಲ್ಲಿರೋ ಎಲ್ಲವನ್ನೂ ನೋಡ್ಬೇಕು.

ಐಡಿ ಹೇಗೂ ಊಹಿಸೋಕೆ ಆಗಲ್ವಲ್ಲ, ಸಹಿ ಯಾಕೆ ನೋಡ್ಬೇಕು ಅಂತ ಕೇಳ್ತಾರೆ. ಸ್ಟೋರ್‌ನಲ್ಲಿ ಡೇಟಾ ಇರೋವಾಗ ಆ ಮಾತಲ್ಲಿ ಸ್ವಲ್ಪ ಹುರುಳಿದೆ, ಆದ್ರೂ ನೋಡಿ, ಸುಳ್ಳು ಐಡಿಗಳು ಸ್ಟೋರ್ ತನಕ ಹೋಗೋದೇ ತಪ್ಪುತ್ತೆ. ಫ್ಲಾಸ್ಕ್ ಥರ ಡೇಟಾ ಕುಕೀಯಲ್ಲೇ ಇದ್ರೆ ಮಾತ್ರ ಇದರಲ್ಲಿ ಚರ್ಚೆನೇ ಇಲ್ಲ: ಸಹಿ ನೋಡ್ದೆ ಬರೀ ಬೇಸ್64 ಬಿಚ್ಚಿ ಯೂಸರ್ ಐಡಿ ತಗೊಂಡ್ರೆ ಯಾರು ಬೇಕಾದ್ರೂ ಐಡಿ 1 ಅಂತ ಬರೆದು ಅಡ್ಮಿನ್ ಆಗ್ತಾರೆ. ಫ್ಲಾಸ್ಕ್‌ಗೆ ಇಟ್ಸ್‌ಡೇಂಜರಸ್ ಅನ್ನೋ ಲೈಬ್ರರಿನೇ ಬಳಸಿ, ಸಾಲ್ಟ್ (ಸಹಿಯ ಕೀ ಜೊತೆ ಸೇರಿಸೋ ಸ್ಟ್ರಿಂಗ್) 'ಕುಕೀ ಹೈಫನ್ ಸೆಷನ್', ಸಹಿ ಜೊತೆಗಿರೋ ಟೈಮ್‌ಸ್ಟ್ಯಾಂಪ್ ಕೂಡ ನೋಡಿ, ಫ್ಲಾಸ್ಕ್ ಡೀಫಾಲ್ಟ್ ಆಗಿ 31 ದಿನಕ್ಕಿಂತ ಹಳೇದನ್ನ ಒಪ್ಪಲ್ಲ, ನೀವೂ ಒಪ್ಪಬಾರ್ದು.

ಜಾವಾದ ಸ್ಪ್ರಿಂಗ್ ಸೆಷನ್ ಲೈಬ್ರರಿಯಲ್ಲಿ ಕುಕೀಯಲ್ಲಿರೋದು ಐಡಿಯ ಬೇಸ್64 ರೂಪ, ಬಿಚ್ಚಿದ್ರೆನೇ ನಿಜವಾದ ಐಡಿ. ರೂಬಿಯ ರ್‍ಯಾಕ್ (ರೂಬಿ ವೆಬ್ ಆ್ಯಪ್‌ಗಳ ತಳದಲ್ಲಿರೋ ಲೈಬ್ರರಿ) 2019ರ ಡಿಸೆಂಬರ್‌ನಲ್ಲಿ ಬಂದ 2.0.8ರಿಂದ ಕುಕೀಯ ಐಡಿನ ಸ್ಟೋರ್‌ನಲ್ಲಿ ಹಾಗೇ ಇಡಲ್ಲ, ಅದರ ಶಾ-256 ಹ್ಯಾಷ್ (ವಾಪಸ್ ಬಿಚ್ಚೋಕೆ ಆಗದ ಗುರುತಿನ ಸ್ಟ್ರಿಂಗ್) ಮಾಡಿ ಮುಂದೆ 2 ಮತ್ತೆ ಎರಡು ಕೋಲನ್ ಸೇರಿಸಿ ಇಡುತ್ತೆ, ಹಾಗಾಗಿ ಕುಕೀ ಐಡಿ ಕೊಟ್ಟು ಹುಡುಕಿದ್ರೆ ಸಿಗಲ್ಲ.

ಹಂತ 4: ಸ್ಟೋರ್‌ಗೆ ಓದೋ ಅನುಮತಿ ಮಾತ್ರ ಕೊಡಿ

ಡೇಟಾಬೇಸ್ ಆದ್ರೆ ಎರಡನೇ ಆ್ಯಪ್‌ಗೆ ಬೇರೆ ಯೂಸರ್ ಮಾಡಿ, ಆ ಒಂದು ಟೇಬಲ್‌ಗೆ ಸೆಲೆಕ್ಟ್ ಅನುಮತಿ ಕೊಡಿ, ಬೇರೇನೂ ಬೇಡ. ರೆಡಿಸ್ 6ರಿಂದ ಯೂಸರ್‌ಗಳಿಗೆ ಬೇರೆ ಬೇರೆ ಅನುಮತಿ ಕೊಡೋ ಎಸಿಎಲ್ ಸೌಲಭ್ಯ ಇದೆ, ಸೆಷನ್ ಪ್ರಿಫಿಕ್ಸ್ ಇರೋ ಕೀಗಳಿಗೆ ಮಾತ್ರ, ಗೆಟ್ ಥರದ ಓದೋ ಕಮಾಂಡ್‌ಗಳಿಗೆ ಮಾತ್ರ ಅಂತ ಮಿತಿ ಹಾಕ್ಬೋದು. ಬರೆಯೋ ಅನುಮತಿನೇ ಇಲ್ಲಾಂದ್ರೆ ಮುಂದೆ ಯಾರೋ ಅವಸರದಲ್ಲಿ ಒಂದು ಸಾಲು ಸೇರಿಸಿ ಸೆಷನ್ ಹಾಳು ಮಾಡೋ ಭಯಾನೇ ಇರಲ್ಲ.

ಪಿಎಚ್‌ಪಿ ಫೈಲ್ ಆದ್ರೆ ಇಲ್ಲಿ ಸ್ವಲ್ಪ ಹೆಣಗಾಟ ಇದೆ. ಡೆಬಿಯನ್, ಉಬುಂಟುಗಳಲ್ಲಿ ಸೆಷನ್ ಫೋಲ್ಡರ್‌ನ ಅನುಮತಿ 1733, ಅಂದ್ರೆ ಫೈಲ್ ಮಾಡ್ಬೋದು, ಒಳಗೇನಿದೆ ಅಂತ ಪಟ್ಟಿ ನೋಡೋಕೆ ಆಗಲ್ಲ, ಫೈಲ್‌ಗಳು 600, ಅಂದ್ರೆ ಮಾಡಿದ ಯೂಸರ್ ಬಿಟ್ಟು ಯಾರೂ ಓದೋ ಹಾಗಿಲ್ಲ. ಇದನ್ನ ನೋಡಿ 777 ಕೊಡೋಕೆ ಹೋಗ್ಬೇಡಿ, ಆ ಮಷೀನ್‌ನಲ್ಲಿರೋ ಪ್ರತಿ ಪ್ರಾಸೆಸ್‌ಗೂ ಎಲ್ಲರ ಲಾಗಿನ್ ಕೊಟ್ಟ ಹಾಗೆ. ಫೈಲೇ ಬೇಕು ಅಂದ್ರೆ ಸೇವ್ ಪಾತ್‌ನಲ್ಲಿ ಆಳ, ಫೈಲ್ ಮೋಡ್, ಪಾತ್ ಅಂತ ಮೂರನ್ನೂ ಸೆಮಿಕೋಲನ್ ಹಾಕಿ ಕೊಡೋ ರೂಪ ಇದೆ, ಬೇರೆ ಫೋಲ್ಡರ್ ಮಾಡಿ ಮೋಡ್ 640 ಅಂತ ಕೊಟ್ಟು ಆ ಫೈಲ್‌ಗಳು ಯಾವ ಗ್ರೂಪ್‌ಗೆ ಸೇರಿರ್ತವೋ ಆ ಗ್ರೂಪ್‌ಗೆ ಎರಡನೇ ಆ್ಯಪ್ ಸೇರಿಸಿ. ಆದ್ರೆ ಡೆಬಿಯನ್‌ನಲ್ಲಿ ಪಿಎಚ್‌ಪಿಯ ಸ್ವಂತ ಕ್ಲೀನಿಂಗ್ (ಅವಧಿ ಮುಗಿದ ಸೆಷನ್ ಅಳಿಸೋದು) ಆಫ್ ಇರುತ್ತೆ, ಹೊರಗಿನ ಸ್ಕ್ರಿಪ್ಟ್ ಒಂದು ಕಾನ್ಫಿಗ್ ನೋಡಿ ಕ್ಲೀನ್ ಮಾಡುತ್ತೆ, ನೀವು ಪಾತ್‌ನ ಕೋಡ್ ಒಳಗೆ ಬದಲಾಯಿಸಿದ್ರೆ ಆ ಸ್ಕ್ರಿಪ್ಟ್‌ಗೆ ಗೊತ್ತೇ ಆಗಲ್ಲ, ಹಳೇ ಫೈಲ್‌ಗಳು ರಾಶಿ ಬೀಳ್ತವೆ. ನನ್ನನ್ನ ಕೇಳಿದ್ರೆ ಈ ಹಂತಕ್ಕೆ ಬಂದ ಮೇಲೆ ಸೆಷನ್‌ನ ರೆಡಿಸ್‌ಗೆ ಸಾಗಿಸೋದೇ ವಾಸಿ, ಒಂದೇ ಮಷೀನ್‌ನಲ್ಲಿ ಇರ್ಬೇಕು ಅನ್ನೋ ಕಟ್ಟೂ ಹೋಗುತ್ತೆ.

ರೆಡಿಸ್‌ನಲ್ಲಿ ಕೀ ಸಿಗ್ತಿಲ್ಲ ಅಂದ್ರೆ ಮೂರು ನೋಡಿ. ಒಂದು, ಡೇಟಾಬೇಸ್ ನಂಬರ್ ಸರಿ ಇದೆಯಾ. ಎರಡು, ಪ್ರಿಫಿಕ್ಸ್: ಪಿಎಚ್‌ಪಿರೆಡಿಸ್ ಎಕ್ಸ್‌ಟೆನ್ಷನ್‌ಗೆ ಒಂಥರ, ಎಕ್ಸ್‌ಪ್ರೆಸ್‌ನ ಕನೆಕ್ಟ್ ರೆಡಿಸ್‌ಗೆ 'ಸೆಸ್' ಮತ್ತೆ ಕೋಲನ್, ಯಾರಾದ್ರೂ ಕಾನ್ಫಿಗ್‌ನಲ್ಲಿ ಬದಲಾಯಿಸಿರಲೂಬಹುದು. ಮೂರು, ವ್ಯಾಲ್ಯೂ ಯಾವ ಥರದ್ದು: ಸ್ಪ್ರಿಂಗ್ ಸೆಷನ್ ಹ್ಯಾಷ್ ಆಗಿ (ರೆಡಿಸ್‌ನಲ್ಲಿ ಹಾಗಂದ್ರೆ ಫೀಲ್ಡ್‌ಗಳ ಗುಂಪು) ಇಡುತ್ತೆ, ಗೆಟ್ ಕೊಟ್ರೆ ರಾಂಗ್ ಟೈಪ್ ಎರರ್ ಬರುತ್ತೆ. ಹುಡುಕೋವಾಗ ಲೈವ್ ಸರ್ವರ್‌ನಲ್ಲಿ ಕೀಸ್ ಕಮಾಂಡ್‌ಗೆ ನಕ್ಷತ್ರ ಕೊಡ್ಬೇಡಿ, ಅದು ಮುಗಿಯೋ ತನಕ ರೆಡಿಸ್ ಬೇರೆ ಯಾರಿಗೂ ಉತ್ತರ ಕೊಡಲ್ಲ, ಸ್ಕ್ಯಾನ್ ಬಳಸಿ.

ಹಂತ 5: ಡೇಟಾ ಬಿಚ್ಚಿ

ಎಕ್ಸ್‌ಪ್ರೆಸ್ ಮತ್ತೆ ರೆಡಿಸ್ ಜೋಡಿ ಅತಿ ಸುಲಭ, ಒಳಗಿರೋದು ಮಾಮೂಲಿ ಜೇಸನ್ (ಕೀ, ವ್ಯಾಲ್ಯೂಗಳನ್ನ ಪಠ್ಯವಾಗಿ ಬರೆಯೋ ರೂಪ), ಲಾಗಿನ್ ನೋಡ್ಕೊಳ್ಳೋ ಪಾಸ್‌ಪೋರ್ಟ್ ಲೈಬ್ರರಿ ಇದ್ರೆ 'ಪಾಸ್‌ಪೋರ್ಟ್' ಅನ್ನೋ ಕೀ ಒಳಗೆ 'ಯೂಸರ್' ಅಂತ ಇರುತ್ತೆ.

ಪಿಎಚ್‌ಪಿ ಕಷ್ಟ ಕೊಡುತ್ತೆ, ಹಾಗಾಗಿ ಸ್ವಲ್ಪ ಹತ್ರದಿಂದ ನೋಡೋಣ. ಡೀಫಾಲ್ಟ್ ಫಾರ್ಮ್ಯಾಟ್‌ನಲ್ಲಿ ಒಂದು ಸೆಷನ್ ಫೈಲ್ ಸುಮಾರು ಹೀಗಿರುತ್ತೆ (ಫೈಲಲ್ಲಿ ಇಂಗ್ಲಿಷ್ ಅಕ್ಷರ ಇರುತ್ತೆ, ಇಲ್ಲಿ ಓದೋಕೆ ಸುಲಭ ಆಗ್ಲಿ ಅಂತ ಕನ್ನಡದಲ್ಲಿ ಬರೆದಿದೀನಿ):

ಯೂಸರ್_ಐಡಿ|ಐ:42;ಹೆಸರು|ಎಸ್:9:"ಕಮಲ";

ಕೀ, ಆಮೇಲೆ ನೆಟ್ಟಗಿನ ಗೆರೆ, ಆಮೇಲೆ ಸೀರಿಯಲೈಜ್ ಆದ ವ್ಯಾಲ್ಯೂ. 'ಐ' ಅಂದ್ರೆ ಪೂರ್ಣಾಂಕ, 'ಎಸ್' ಅಂದ್ರೆ ಸ್ಟ್ರಿಂಗ್. ಈಗ ಆ 9 ನೋಡಿ. ಕಮಲ ಅಂದ್ರೆ ಮೂರೇ ಅಕ್ಷರ, ಆದ್ರೆ ಪಿಎಚ್‌ಪಿ ಎಣಿಸೋದು ಬೈಟ್‌ಗಳನ್ನ, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ 3 ಬೈಟ್ ಬೇಕು, ಹಾಗಾಗಿ 9. ನೀವು ಫೈಲ್‌ನ ಯುಟಿಎಫ್-8 ಸ್ಟ್ರಿಂಗ್ ಅಂತ ಓದಿ 9 ಅಕ್ಷರ ಮುಂದೆ ಹೋದ್ರೆ ವ್ಯಾಲ್ಯೂ ದಾಟಿ ಮುಂದಿನ ಕೀ ಒಳಗೆ ನುಗ್ತೀರ, ಅಲ್ಲಿಂದ ಆಚೆ ಎಲ್ಲಾ ಕಲಸುಮೇಲೋಗರ. ಇಂಗ್ಲಿಷ್ ಹೆಸರಿನ ಟೆಸ್ಟ್ ಯೂಸರ್‌ಗಳಲ್ಲಿ ಈ ತಪ್ಪು ಕಾಣಿಸೋದೇ ಇಲ್ಲ, ಲೈವ್ ಹೋದ ಮೇಲೆ ಕನ್ನಡದಲ್ಲಿ ಹೆಸರು ಬರೆದ ಮೊದಲ ಬಳಕೆದಾರರಿಗೆ ಲಾಗಿನ್ ಆಗಲ್ಲ. ಫೈಲ್‌ನ ಬೈಟ್‌ಗಳಾಗಿ ಓದಿ, ಬೈಟ್ ಲೆಕ್ಕದಲ್ಲೇ ನಡೀರಿ, ಕೊನೇಲಿ ಬೇಕಾದ ಸ್ಟ್ರಿಂಗ್ ಮಾತ್ರ ಡಿಕೋಡ್ ಮಾಡಿ. ಮತ್ತೆ ನೆಟ್ಟಗಿನ ಗೆರೆ ಸಿಕ್ಕಲ್ಲೆಲ್ಲಾ ಕತ್ತರಿಸೋ ಕೋಡ್ ಇಂಟರ್ನೆಟ್ ತುಂಬಾ ಇದೆ, ಅದನ್ನ ತಗೋಬೇಡಿ, ಬಳಕೆದಾರರು ಬರೆದ ಯಾವುದೋ ಪಠ್ಯದಲ್ಲೂ ಆ ಗೆರೆ ಇರ್ಬೋದು.

ಮೊದಲ ಆ್ಯಪ್‌ನ ಕಾನ್ಫಿಗ್ ನಿಮ್ಮ ಕೈಲಿದ್ರೆ ಸೀರಿಯಲೈಜ್ ಹ್ಯಾಂಡ್ಲರ್‌ನ ಪಿಎಚ್‌ಪಿ_ಸೀರಿಯಲೈಜ್ ಅಂತ ಬದಲಾಯಿಸಿ, ಆಗ ಇಡೀ ಸೆಷನ್ ಒಂದೇ ಅರೇ ಆಗಿ ಬರುತ್ತೆ, ಹೆಚ್ಚಿನ ಭಾಷೆಗಳಲ್ಲಿ ಅದನ್ನ ಓದೋ ಲೈಬ್ರರಿ ಸಿಗುತ್ತೆ. ಬದಲಾಯಿಸಿದಾಗ ಹಳೇ ಸೆಷನ್‌ಗಳು ಓದೋಕೆ ಆಗಲ್ಲ, ಎಲ್ಲರೂ ಲಾಗೌಟ್ ಆಗ್ತಾರೆ, ಜನ ಕಡಿಮೆ ಇರೋ ಹೊತ್ತಲ್ಲಿ ಮಾಡಿ. ಸೆಷನ್ ಒಳಗೆ ಪಿಎಚ್‌ಪಿ ಆಬ್ಜೆಕ್ಟ್‌ಗಳಿದ್ರೆ (ಸಿಂಫನಿಯ ಸೆಕ್ಯೂರಿಟಿ ಟೋಕನ್ ಥರ) ಅದನ್ನ ಹೊರಗಿಂದ ಬಿಚ್ಚೋ ಸಾಹಸ ಬೇಡ, ಲಾಗಿನ್ ಆಗೋ ಜಾಗದಲ್ಲಿ ಯೂಸರ್ ಐಡಿ ಮಾತ್ರ ಬೇರೆ ಕೀಯಲ್ಲಿ ಬರೆಯೋಕೆ ಮೊದಲ ಆ್ಯಪ್‌ಗೆ ಒಂದು ಸಾಲು ಸೇರಿಸಿ, ನೀವು ಅದನ್ನ ಓದಿ. ಎರಡನೇ ಆ್ಯಪ್ಪೂ ಪಿಎಚ್‌ಪಿ ಆಗಿದ್ರೆ ಅನ್‌ಸೀರಿಯಲೈಜ್ ಮಾಡೋವಾಗ ಅಲೋಡ್ ಕ್ಲಾಸಸ್ ಅನ್ನೋದನ್ನ ಫಾಲ್ಸ್ ಕೊಡಿ.

ಜಾಂಗೋ 3.1ರಿಂದ, ಅಂದ್ರೆ 2020ರಿಂದ, ಡೇಟಾ ಕಾಲಂನಲ್ಲಿರೋದು ಕೋಲನ್‌ನಿಂದ ಬೇರೆಯಾದ ಮೂರು ಭಾಗ: ಡೇಟಾ, ಟೈಮ್‌ಸ್ಟ್ಯಾಂಪ್, ಸಹಿ. ಡೇಟಾ ಭಾಗ ಯುಆರ್‌ಎಲ್‌ಗೆ ಹೊಂದೋ ಬೇಸ್64, ಮೊದಲ ಅಕ್ಷರ ಚುಕ್ಕಿ ಆಗಿದ್ರೆ ಝೆಡ್‌ಲಿಬ್‌ನಲ್ಲಿ ಕುಗ್ಗಿಸಿದಾರೆ ಅಂತ ಅರ್ಥ, ಚುಕ್ಕಿ ತೆಗೆದು, ಬೇಸ್64 ಬಿಚ್ಚಿ, ಹಿಗ್ಗಿಸಿದ್ರೆ ಜೇಸನ್ ಸಿಗುತ್ತೆ. ಅದರಲ್ಲಿ ಅಂಡರ್‌ಸ್ಕೋರ್‌ನಿಂದ ಶುರುವಾಗೋ ಆಥ್ ಯೂಸರ್ ಐಡಿ ಅನ್ನೋ ಕೀ ಇರುತ್ತೆ, ವ್ಯಾಲ್ಯೂ ನಂಬರ್ ಥರ ಕಂಡ್ರೂ ಅದು ಸ್ಟ್ರಿಂಗ್. ಎರಡನೇ ಆ್ಯಪ್ ಪೈಥಾನ್ ಆಗಿದ್ರೆ ಇದ್ಯಾವುದೂ ಕೈಯಾರೆ ಮಾಡ್ಬೇಡಿ, ಜಾಂಗೋ ಇನ್‌ಸ್ಟಾಲ್ ಮಾಡಿ ಅದೇ ಸೀಕ್ರೆಟ್ ಕೀ ಕೊಟ್ಟು ಅದರ ಸೆಷನ್‌ಸ್ಟೋರ್ ಕ್ಲಾಸ್‌ನೇ ಬಳಸಿ, ಪೂರ್ತಿ ಪ್ರಾಜೆಕ್ಟ್ ಏನೂ ಬೇಕಾಗಲ್ಲ.

ಪಿಕಲ್ ಅಥವಾ ಜಾವಾದ ಸ್ವಂತ ಸೀರಿಯಲೈಜೇಶನ್ ಸಿಕ್ಕಿದ್ರೆ ಅಲ್ಲೇ ನಿಲ್ಲಿ. ಪೈಥಾನ್‌ನ ಪಿಕಲ್ ಬಿಚ್ಚೋವಾಗ ಅದರೊಳಗಿನ ಕೋಡ್ ಓಡ್ಬೋದು, ಸ್ಟೋರ್‌ಗೆ ಬರೆಯೋ ಅವಕಾಶ ಸಿಕ್ಕಿದವರಿಗೆ ನಿಮ್ಮ ಸರ್ವರೇ ಸಿಕ್ಕ ಹಾಗೆ, ಜಾಂಗೋ 5.0ರಲ್ಲಿ ಸೆಷನ್‌ಗೆ ಪಿಕಲ್ ಬಳಸೋದನ್ನೇ ತೆಗೆದುಹಾಕಿದಾರೆ. ಮೊದಲ ಆ್ಯಪ್‌ನ ಜೇಸನ್‌ಗೆ ಬದಲಾಯಿಸಿ ಅಥವಾ ಹಂತ 8ಕ್ಕೆ ಹೋಗಿ.

ಹಂತ 6: ಈ ಸೆಷನ್ ಇನ್ನೂ ನಡೆಯುತ್ತಾ ಅಂತ ನೋಡಿ

ಡೇಟಾ ಸಿಕ್ತು ಅಂದ ತಕ್ಷಣ ಲಾಗಿನ್ ಸರಿ ಅಂತ ಅಲ್ಲ, ಎಲ್ಲಕ್ಕಿಂತ ಹೆಚ್ಚು ಜನ ಬಿಟ್ಟುಬಿಡೋದು ಈ ಹಂತಾನೇ, ಬಿಟ್ರೂ ಎಲ್ಲಾ ಕೆಲಸ ಮಾಡ್ತಿರೋ ಹಾಗೇ ಕಾಣುತ್ತೆ.

ಜಾಂಗೋದಲ್ಲಿ ಅವಧಿ ಮುಗಿದ ಸೆಷನ್‌ಗಳು ಟೇಬಲ್‌ನಲ್ಲೇ ಬಿದ್ದಿರ್ತವೆ, ಕ್ಲಿಯರ್‌ಸೆಷನ್ಸ್ ಕಮಾಂಡ್ ಓಡಿಸಿದಾಗ್ಲೇ ಹೋಗೋದು. ಹಾಗಾಗಿ ಕ್ವೆರಿಯಲ್ಲೇ ಮುಗಿಯೋ ಸಮಯ ಈಗಿಗಿಂತ ಮುಂದಿದೆಯಾ ಅಂತ ಕೇಳಿ, ಟೈಮ್‌ಝೋನ್ ನೋಡ್ಕೊಂಡು. ಇನ್ನೂ ಒಂದಿದೆ: ಜಾಂಗೋ ಸೆಷನ್ ಒಳಗೆ ಪಾಸ್‌ವರ್ಡ್‌ಗೆ ಸಂಬಂಧಿಸಿದ ಒಂದು ಹ್ಯಾಷ್ ಇಡುತ್ತೆ, ಪಾಸ್‌ವರ್ಡ್ ಬದಲಾದ್ರೆ ಅದು ಹೊಂದಲ್ಲ, ಆಗ ಹಳೇ ಸೆಷನ್‌ನ ತಿರಸ್ಕರಿಸುತ್ತೆ. ನೀವು ಯೂಸರ್ ಐಡಿ ಮಾತ್ರ ಓದಿ ಸುಮ್ನಾದ್ರೆ, ಅಕೌಂಟ್ ಕದ್ದಿದಾರೆ ಅಂತ ಯಾರೋ ಪಾಸ್‌ವರ್ಡ್ ಬದಲಾಯಿಸಿದ ಮೇಲೂ ಕದ್ದವರು ನಿಮ್ಮ ಆ್ಯಪ್‌ನಲ್ಲಿ ಆರಾಮಾಗಿ ಓಡಾಡ್ತಿರ್ತಾರೆ. ಯೂಸರ್ ಅಕೌಂಟ್ ಆ್ಯಕ್ಟಿವ್ ಇದೆಯಾ ಅನ್ನೋದನ್ನೂ ಸೆಷನ್‌ನಿಂದಲ್ಲ, ಯೂಸರ್ ಟೇಬಲ್‌ನಿಂದ ನೋಡಿ.

ಪಿಎಚ್‌ಪಿ ಫೈಲ್‌ನಲ್ಲಿ ಮುಗಿಯೋ ಸಮಯ ಬರೆದೇ ಇರಲ್ಲ, ಫೈಲ್ ಕೊನೇ ಸಲ ಬದಲಾದ ಸಮಯಾನೇ ಲೆಕ್ಕ, ಡೀಫಾಲ್ಟ್ ಅವಧಿ 1440 ಸೆಕೆಂಡ್, ಅಂದ್ರೆ 24 ನಿಮಿಷ. ಅದಕ್ಕಿಂತ ಹಳೇ ಫೈಲ್ ಕ್ಲೀನಿಂಗ್ ಆಗ್ದೆ ಉಳಿದಿರ್ಬೋದು, ನೀವೇ ಸಮಯ ನೋಡಿ ಬಿಡ್ಬೇಕು. ಎರಡೂ ಪಿಎಚ್‌ಪಿ ಆ್ಯಪ್‌ಗಳು ಒಂದೇ ಫೋಲ್ಡರ್ ಹಂಚ್ಕೊಂಡಿದ್ರೆ ಇನ್ನೂ ಎಚ್ಚರ: ಯಾವುದರ ಅವಧಿ ಕಡಿಮೆಯೋ ಅದರ ಕ್ಲೀನಿಂಗ್ ಎಲ್ಲವನ್ನೂ ಅಳಿಸುತ್ತೆ, ಮೊದಲ ಆ್ಯಪ್‌ಗೆ ಎಂಟು ಗಂಟೆ ಕೊಟ್ಟಿದ್ರೂ ಎರಡನೇದು 24 ನಿಮಿಷದಲ್ಲಿ ಜನರನ್ನ ಹೊರಗೆ ಹಾಕುತ್ತೆ. ಮತ್ತೆ ಅಲ್ಲಿ ಸೆಷನ್ ಸ್ಟಾರ್ಟ್ ಮಾಡೋವಾಗ ರೀಡ್ ಅಂಡ್ ಕ್ಲೋಸ್ ಆಯ್ಕೆ ಕೊಡಿ (ಪಿಎಚ್‌ಪಿ 7ರಿಂದ ಇದೆ), ಇಲ್ಲಾಂದ್ರೆ ಫೈಲ್ ಲಾಕ್ ಹಿಡ್ಕೊಂಡು ಮೊದಲ ಆ್ಯಪ್‌ನ ಪೇಜ್‌ಗಳು ಕಾಯ್ತಾ ನಿಲ್ತವೆ.

ನೀವು ಬರೀ ಓದೋದ್ರಿಂದ ಸೆಷನ್ ಅವಧಿ ಮುಂದೆ ಹೋಗಲ್ಲ ಅನ್ನೋದೂ ನೆನಪಿರಲಿ. ಒಂದು ಗಂಟೆ ಚಾಟ್‌ನಲ್ಲೇ ಇದ್ದವರು ಸೈಟ್‌ಗೆ ವಾಪಸ್ ಹೋದಾಗ ಲಾಗೌಟ್ ಆಗಿರ್ತಾರೆ. ಇದಕ್ಕೆ ಎರಡನೇ ಆ್ಯಪ್‌ನಿಂದ ಫೈಲ್ ಟಚ್ ಮಾಡೋದು, ರೆಡಿಸ್‌ನಲ್ಲಿ ಅವಧಿ ಹೆಚ್ಚಿಸೋದು ಬೇಡ, ಪೇಜ್‌ನಿಂದಲೇ ಮೊದಲ ಆ್ಯಪ್‌ಗೆ ಆಗಾಗ ಒಂದು ಸಣ್ಣ ರಿಕ್ವೆಸ್ಟ್ ಕಳಿಸಿ, ಅವಧಿ ಹೆಚ್ಚಿಸೋ ನಿರ್ಧಾರ ಅದೇ ಮಾಡ್ಲಿ.

ಹಂತ 7: ವೆಬ್‌ಸಾಕೆಟ್ ಆಗಿದ್ರೆ

ಚಾಟ್ ಥರದ ಆ್ಯಪ್‌ನಲ್ಲಿ ವೆಬ್‌ಸಾಕೆಟ್ (ಒಂದ್ಸಲ ತೆರೆದು ಹಾಗೇ ಉಳಿಯೋ ಕನೆಕ್ಷನ್) ಬಳಸಿದ್ರೆ ಕುಕೀ ಬರೋದು ಕನೆಕ್ಷನ್ ಶುರುವಾಗೋ ಮೊದಲ ರಿಕ್ವೆಸ್ಟ್‌ನಲ್ಲಿ ಮಾತ್ರ. ಅಲ್ಲೇ ಸೆಷನ್ ಓದಿ, ಅದರ ಜೊತೆ ಒರಿಜಿನ್ ಹೆಡರ್ ನಿಮ್ಮ ಸೈಟ್‌ದೇನಾ ಅಂತ ಕಡ್ಡಾಯವಾಗಿ ನೋಡಿ, ಫೆಚ್‌ಗೆ ಇರೋ ಒರಿಜಿನ್ ನಿರ್ಬಂಧ ವೆಬ್‌ಸಾಕೆಟ್‌ಗಿಲ್ಲ, ಬೇರೆ ಸೈಟ್‌ನ ಪೇಜ್ ನಿಮ್ಮ ಬಳಕೆದಾರರ ಹೆಸರಲ್ಲಿ ಕನೆಕ್ಷನ್ ತೆರೆಯೋಕೆ ಪ್ರಯತ್ನಿಸ್ಬೋದು. ತೆರೆದ ಕನೆಕ್ಷನ್‌ಗೆ ಲಾಗೌಟ್ ಆಗಿದ್ದು ಗೊತ್ತಾಗಲ್ಲ, ಹಾಗಾಗಿ ಒಂದೆರಡು ನಿಮಿಷಕ್ಕೊಂದ್ಸಲ ಅದೇ ಐಡಿ ಸ್ಟೋರ್‌ನಲ್ಲಿ ಇನ್ನೂ ಇದೆಯಾ ಅಂತ ನೋಡಿ, ಇಲ್ಲಾಂದ್ರೆ ಕಡಿದುಹಾಕಿ.

ಹಂತ 8: ಓದೋ ಬದಲು ಕೇಳ್ಬೋದಾ?

ರೇಲ್ಸ್‌ನ ಎನ್‌ಕ್ರಿಪ್ಟ್ ಆದ ಕುಕೀ, ಲಾರಾವೆಲ್‌ನ ಆ್ಯಪ್ ಕೀಯಿಂದ ಮುಚ್ಚಿದ ಕುಕೀ, ಜಾವಾದ ಆಬ್ಜೆಕ್ಟ್‌ಗಳು, ಇಂಥದ್ದನ್ನೆಲ್ಲಾ ಹೊರಗಿಂದ ಬಿಚ್ಚೋಕೆ ಆಗುತ್ತೆ, ಆದ್ರೆ ಮಾಡ್ಬೇಡಿ ಅಂತೀನಿ. ಅದಕ್ಕೆ ಮೊದಲ ಆ್ಯಪ್‌ನ ಮುಖ್ಯ ಸೀಕ್ರೆಟ್ ಎರಡನೇ ಆ್ಯಪ್‌ಗೂ ಕೊಡ್ಬೇಕು, ಆ ಕೀ ಕೈಲಿದ್ರೆ ಸೆಷನ್ ಓದೋದಷ್ಟೇ ಅಲ್ಲ, ಹೊಸದನ್ನ ತಯಾರಿಸೋಕೂ ಆಗುತ್ತೆ.

ಬದಲಿಗೆ ಮೊದಲ ಆ್ಯಪ್‌ನಲ್ಲಿ ಒಂದು ಒಳಗಿನ ಯುಆರ್‌ಎಲ್ ಮಾಡಿ, ಕುಕೀ ಕೊಟ್ರೆ ಯೂಸರ್ ಐಡಿ ಜೇಸನ್‌ನಲ್ಲಿ ಕೊಡ್ಬೇಕು, ಲಾಗಿನ್ ಇಲ್ಲಾಂದ್ರೆ 401 (ಲಾಗಿನ್ ಬೇಕು ಅನ್ನೋ ಎಚ್‌ಟಿಟಿಪಿ ಉತ್ತರ). ಎರಡನೇ ಆ್ಯಪ್ ತನಗೆ ಬಂದ ಸೆಷನ್ ಕುಕೀ ಒಂದನ್ನ ಮಾತ್ರ ಅಲ್ಲಿಗೆ ದಾಟಿಸಿ ಉತ್ತರ ತಗೊಳ್ಳುತ್ತೆ. ಎರಡೂ ಆ್ಯಪ್‌ಗಳ ಮುಂದೆ ಎನ್‌ಜಿನ್‌ಎಕ್ಸ್ (ಒಂದು ವೆಬ್ ಸರ್ವರ್) ಇದ್ರೆ ಅದರ ಆಥ್ ರಿಕ್ವೆಸ್ಟ್ ಮಾಡ್ಯೂಲ್ ಇದೇ ಕೆಲ್ಸ ಮಾಡುತ್ತೆ, ಎರಡನೇ ಆ್ಯಪ್‌ಗೆ ಯೂಸರ್ ಐಡಿ ಹೆಡರ್‌ನಲ್ಲಿ ಬರುತ್ತೆ. ಆಗ ಹೊರಗಿಂದ ಅದೇ ಹೆಸರಿನ ಹೆಡರ್ ಬಂದ್ರೆ ಎನ್‌ಜಿನ್‌ಎಕ್ಸ್ ಅದನ್ನ ಅಳಿಸ್ಬೇಕು, ಎರಡನೇ ಆ್ಯಪ್‌ಗೆ ನೇರವಾಗಿ ಹೋಗೋ ದಾರಿಯೂ ಮುಚ್ಚಿರ್ಬೇಕು. ಫಾರ್ಮ್ಯಾಟ್, ಸಹಿ, ಅವಧಿ, ಪಾಸ್‌ವರ್ಡ್ ಹ್ಯಾಷ್ ಎಲ್ಲಾ ಮೊದಲ ಆ್ಯಪ್ಪೇ ನೋಡ್ಕೊಳ್ಳುತ್ತೆ, ಖರ್ಚು ಅಂದ್ರೆ ಪ್ರತಿ ಸಲ ಒಂದು ಒಳಗಿನ ರಿಕ್ವೆಸ್ಟ್, ಅದು ಭಾರ ಅನ್ನಿಸಿದ್ರೆ ಉತ್ತರಾನ ಕೆಲವು ಸೆಕೆಂಡ್ ಮಾತ್ರ ಕ್ಯಾಶ್ ಮಾಡಿ. ಮೊದಲ ಆ್ಯಪ್‌ನ ಕೋಡ್ ಮುಟ್ಟೋಕೆ ಅವಕಾಶ ಇರೋ ಎಲ್ಲರಿಗೂ ನಾನು ಮೊದ್ಲು ಹೇಳೋದು ಇದನ್ನೇ, ಸ್ಟೋರ್ ನೇರವಾಗಿ ಓದೋದು ಆ ಕೋಡ್ ಮುಟ್ಟೋಕೆ ಆಗ್ದೇ ಇದ್ದಾಗ ಅಥವಾ ರಿಕ್ವೆಸ್ಟ್‌ಗಳ ಒತ್ತಡ ನಿಜವಾಗ್ಲೂ ಜಾಸ್ತಿ ಇದ್ದಾಗ.

ಹಂತ 9: ಪರೀಕ್ಷೆ ಮಾಡಿ

ಲಾಗಿನ್ ಆಗಿ ಹೆಸರು ಬಂತು ಅಂದ್ರೆ ಪರೀಕ್ಷೆ ಮುಗೀಲಿಲ್ಲ. ಮೊದಲ ಆ್ಯಪ್‌ನಲ್ಲಿ ಲಾಗೌಟ್ ಆಗಿ ಎರಡನೇದನ್ನ ರಿಫ್ರೆಶ್ ಮಾಡಿ. ಬೇರೆ ಬ್ರೌಸರ್‌ನಿಂದ ಪಾಸ್‌ವರ್ಡ್ ಬದಲಾಯಿಸಿ ನೋಡಿ. ಕುಕೀಯ ಒಂದು ಅಕ್ಷರ ಕೆಡಿಸಿ, ಕುಕೀ ಪೂರ್ತಿ ತೆಗೆದು, ಅವಧಿ ಮುಗಿದದ್ದು ಕೊಟ್ಟು ನೋಡಿ, ಎಲ್ಲದಕ್ಕೂ ಲಾಗಿನ್ ಇಲ್ಲ ಅನ್ನೋ ಉತ್ತರ ಬರ್ಬೇಕು, 500 ಎರರ್ ಬರ್ಬಾರ್ದು. ಕನ್ನಡದಲ್ಲಿ ಹೆಸರಿರೋ ಯೂಸರ್ ಒಬ್ಬರು ಟೆಸ್ಟ್ ಡೇಟಾದಲ್ಲಿ ಇರ್ಲೇಬೇಕು. ರೆಡಿಸ್ ನಿಲ್ಲಿಸಿ ನೋಡಿ, ಸ್ಟೋರ್ ಸಿಗ್ದಿದ್ರೆ ಎಲ್ಲರನ್ನೂ ಹೊರಗಿನವರು ಅಂತ ನೋಡ್ಬೇಕು, ಒಳಗೆ ಬಿಡ್ಬಾರ್ದು.

ಕೊನೇಲಿ ಒಂದು ಆಟೋಮ್ಯಾಟಿಕ್ ಟೆಸ್ಟ್ ಬರೆದಿಡಿ: ಮೊದಲ ಆ್ಯಪ್ ನಿಜವಾಗಿ ಒಂದು ಲಾಗಿನ್ ಮಾಡುತ್ತೆ, ಎರಡನೇ ಆ್ಯಪ್‌ನ ಓದೋ ಕೋಡ್ ಅದೇ ಸೆಷನ್‌ನಿಂದ ಯೂಸರ್ ಐಡಿ ತೆಗೆಯುತ್ತೆ. ಅದನ್ನ ಮೊದಲ ಆ್ಯಪ್‌ನ ರೆಪೋದಲ್ಲಿ ಇಡಿ, ನಿಮ್ಮದರಲ್ಲಲ್ಲ, ಯಾಕಂದ್ರೆ ಜಾಂಗೋ 3.1 ಅಥವಾ ರ್‍ಯಾಕ್ 2.0.8 ಥರದ ಅಪ್‌ಗ್ರೇಡ್ ಮಾಡೋರು ಅಲ್ಲಿರ್ತಾರೆ, ಟೆಸ್ಟ್ ಕೆಂಪಗಾಗೋದು ಅವರಿಗೆ ಕಾಣ್ಬೇಕು.